ಎಡಗಡೆಯ ಗೋಡೆ

ಗರುಡಾಚಾರ್‌ಪಾಳ್ಯದ ಆ ಆಫೀಸಿನ ಕಿಟಕಿಗಳನ್ನು ತೆಗೆಯಲು ಬರುವುದಿಲ್ಲ. ಮುನೀಂದ್ರ ಒಳಗೆ ಬಂದ ಕೂಡಲೇ ಹಿಡಿಗಾಗಿ ತಡಕಾಡಿದ್ದ, ಹಿಡಿಯೇ ಇರಲಿಲ್ಲ. ಈಗ ಅವನ ಪಕ್ಕದಲ್ಲಿ ಸೂಪರ್‌ವೈಸರ್ ಮುನಿರಾಜ್, ಎದುರಿಗೆ ಲ್ಯಾಪ್‌ಟಾಪ್ ಇಟ್ಟುಕೊಂಡ ಇಂಜಿನಿಯರ್ ವಿಶ್ರುತ್. ಮೇಜಿನ ನಡುವೆ ಮುನೀಂದ್ರನ ಜಾಯಿಂಟರ್ ಕಾರ್ಡು. ಎಂಟನೇ ಕ್ಲಾಸಿಗೇ ಸ್ಕೂಲು ಬಿಟ್ಟು ಗುಂಡಿಗಿಳಿದವನು, ಹತ್ತು ವರ್ಷ ಹಾರೆ ಹಿಡಿದು, ಆಮೇಲೆ ಸಂಪಾದಿಸಿದ ಕಾರ್ಡು. ಅದಿದ್ದರೆ ಕೇಬಲ್ಲಿಗೆ ಕೇಬಲ್ ಬೆಸೆಯುವ ಕೆಲಸ. ಇಲ್ಲದಿದ್ದರೆ ಮತ್ತೆ ಹಾರೆ.

ಶಿವಾಜಿನಗರದ ತನ್ನದೇ ಗಲ್ಲಿಯಲ್ಲಿ ಅವನು ಹಾಕಿದ ಜಾಯಿಂಟ್ ಮೂರೇ ತಿಂಗಳಿಗೆ ಸುಟ್ಟುಹೋಗಿತ್ತು.

ವಿಶ್ರುತ್ ಲ್ಯಾಪ್‌ಟಾಪನ್ನು ತಿರುಗಿಸಿದ. ಪರದೆಯ ಮೇಲೊಂದು ಚೌಕ, ನಡುವೆ ಕೆಂಪು ಚುಕ್ಕೆ, ಸುತ್ತ ನೀಲಿ.

"ಚುಕ್ಕೆ ಕೇಬಲ್ಲು, ನೀಲಿ ಮಣ್ಣು. ಫುಲ್ ಲೋಡಲ್ಲೂ ಅರವತ್ತೆಂಟು ಡಿಗ್ರಿ ದಾಟಲ್ಲ. ಕೇಬಲ್ ತೊಂಬತ್ತು ತಡ್ಕೊಳ್ಳುತ್ತೆ. ಅಂದ್ರೆ ಬಿಸಿಯಿಂದ ಹೋಗಿಲ್ಲ. ಕೈಕೆಲಸ ಸರಿಯಿಲ್ಲ ಅಂತ ಬರೀಬೇಕಾಗುತ್ತೆ."

ಮುನೀಂದ್ರನಿಗೆ ಮೈಯೆಲ್ಲ ಉರಿಯಿತು. ಒಂದು ದಿನವೂ ಗುಂಡಿಗಿಳಿಯದವನು ತನ್ನ ಕೈಕೆಲಸ ಅಳೆಯುತ್ತಾನೆ!

"ಈ ಚೌಕದ ಅಂಚಲ್ಲಿ ಏನಿದೆ ಸಾರ್?"

"ಮಣ್ಣೇ. ಲೆಕ್ಕಕ್ಕೆ ಎಲ್ಲಾದ್ರೂ ಒಂದ್ಕಡೆ ಬೇಲಿ ಹಾಕ್ಬೇಕಲ್ಲ? ಎರಡೂ ಕಡೆ ಐದೈದು ಮೀಟರ್ ದೂರ ನಿಲ್ಲಿಸಿ, ಅಲ್ಲಿ ಇಪ್ಪತ್ತೈದು ಡಿಗ್ರಿ ಅಂತ ಹೇಳಿದೀನಿ. ಬೇಲೀಲಿ ನಾವು ಏನು ಹೇಳ್ತೀವೋ ಅದನ್ನೇ ಕಂಪ್ಯೂಟರ್ ನಂಬುತ್ತೆ."

"ಇಪ್ಪತ್ತೈದಂತೆ! ಗಲ್ಲಿ ಇರೋದೇ ನಾಲ್ಕು ಮೀಟರ್!"

"ಮನೆಗಳ ಪಾಯದಡೀನೂ ಮಣ್ಣೇ ತಾನೇ?"

"ಎಡಗಡೆ ಮನೆಯಲ್ಲ ಸಾರ್. ಫಹೀಮ್ ಭಾಯ್ ರೊಟ್ಟಿ ಭಟ್ಟಿ. ನೆಲದೊಳಗೆ ಇಳಿದಿದೆ ಅದು. ಅದರ ಗೋಡೆಗೂ ಕೇಬಲ್ಲಿಗೂ ಒಂದೇ ಗೇಣು."

ಮೇಜಿನಡಿ ಮುನಿರಾಜನ ಬೂಟು ಅವನ ಪಾದವನ್ನು ಒತ್ತಿತು.

ಒತ್ತದೆ ಇರುತ್ತದೆಯೇ? ಡ್ರಾಯಿಂಗಿನ ಪ್ರಕಾರ ಕೇಬಲ್ ಬಲಕ್ಕೆ, ಭಟ್ಟಿಯಿಂದ ದೂರ ಹೋಗಬೇಕಿತ್ತು. ಅಗೆಯುತ್ತ ಹೋದರೆ ದಾರಿಗೆ ಸರಿಯಾಗಿ ಮುನೇಶ್ವರನ ಕಲ್ಲು. ಮುನೀಂದ್ರನ ತಾಯಿ ಆಂಜನಮ್ಮ ದಿನಾ ಬೆಳಗ್ಗೆ ನೀರು ಸುರಿಯುವ ಕಲ್ಲು. ಮಗನಿಗೆ ಹೆಸರಿಟ್ಟದ್ದೂ ಅದರ ಮುಂದೆಯೇ. ಅದಕ್ಕೆ ಹಾರೆ ತಾಗಿಸಲು ಅವನು ಬಿಡಲಿಲ್ಲ. ಲೈನನ್ನು ಎಡಕ್ಕೆ ಸರಿಸಿದ. "ಡ್ರಾಯಿಂಗ್ ಹಂಗೇ ಇರ್ಲಿ, ಮುಚ್ಚೋ ಬೇಗ," ಅಂದಿದ್ದವನು ಈ ಬೂಟಿನ ಯಜಮಾನನೇ. ಕೇಳದೆ ಲೈನ್ ಸರಿಸಿದರೂ ಕಾರ್ಡು ಹೋಗುತ್ತದೆ. ಬಾಯಿ ಮುಚ್ಚಿದರೆ ಕೆಟ್ಟ ಕೆಲಸಗಾರ, ಬಾಯಿ ಬಿಟ್ಟರೆ ತಪ್ಪಿತಸ್ಥ.

"ಗೋಡೆ ಎಷ್ಟು ಬಿಸಿ?" ವಿಶ್ರುತ್ ಮುಂದಕ್ಕೆ ಬಾಗಿದ್ದ.

"ಮೊನ್ನೆ ರಿಪೇರಿಗೆ ಇಳ್ದಾಗ ಬೆನ್ನು ತಾಗಿ ಚುರ್ ಅಂತು. ಥರ್ಮಾಮೀಟರ್ ಹಿಡ್ದೆ. ಅರವತ್ತೆರಡು."

"ಯಾವಾಗ್ಲೂ ಅಷ್ಟೇನಾ? ಆರಿಸಿದಾಗ ತಣ್ಣಗಾಗೋ ಹಾಗಿದ್ರೆ ಲೆಕ್ಕಕ್ಕೆ ಬೇರೆ ಥರ ಕೊಡ್ಬೇಕು."

"ಆ ಭಟ್ಟಿ ಆರಿದ್ದನ್ನ ನಾನು ಹುಟ್ಟಿದಾಗ್ನಿಂದ ನೋಡಿಲ್ಲ. ಶುಕ್ರವಾರ ನಮಾಜಿಗೆ ಹೋಗೋವಾಗ ಬೆಂಕಿ ಕಮ್ಮಿ ಮಾಡ್ತಾರೆ. ಗೋಡೆಗೆ ಅದು ಗೊತ್ತೂ ಆಗಲ್ಲ."

"ಸರಿ, ಹಾಗಾದ್ರೆ ಒಂದೇ ಸಮ ಅರವತ್ತೆರಡು." ವಿಶ್ರುತ್ ಎಡಗಡೆಯ ಬೇಲಿಯನ್ನು ಒಂದು ಗೇಣಿಗೆ ಎಳೆದು ತಂದ. "ಬಲಗಡೆ?"

"ಬಲಗಡೆ ಮುನೇಶ್ವರ."

"ಆಹಾ, ದೇವರ ಟೆಂಪರೇಚರ್ ಎಷ್ಟಪ್ಪಾ?" ಮುನಿರಾಜ್ ಕಿಸಕ್ಕೆಂದ.

"ತಣ್ಣಗಿದಾನೆ. ನಮ್ಮಮ್ಮ ದಿನಾ ಒಂದು ಬಿಂದಿಗೆ ಸುರೀತಾಳೆ."

ವಿಶ್ರುತ್ ನಗಲಿಲ್ಲ. ಇಪ್ಪತ್ತೈದನ್ನು ಹಾಗೆಯೇ ಬಿಟ್ಟು ಗುಂಡಿ ಒತ್ತಿದ. ಚೌಕದ ಎಡಭಾಗ ಹಳದಿಯಾಯಿತು, ಕಿತ್ತಳೆಯಾಯಿತು, ಚುಕ್ಕೆಯನ್ನು ನುಂಗಿತು. ನೂರಾ ಒಂದು.

"ಸುಡದೆ ಇನ್ನೇನಾಗುತ್ತೆ," ಎಂದ ವಿಶ್ರುತ್ ಮೆಲ್ಲಗೆ. ಆಮೇಲೆ ಕಣ್ಣೆತ್ತಿದ. "ಆದ್ರೆ ಡ್ರಾಯಿಂಗಲ್ಲಿ ಈ ಗೋಡೆ ಇಷ್ಟು ಹತ್ರ ಇಲ್ಲ. ಈ ಅರವತ್ತೆರಡನ್ನ ಯಾರ ಮಾತಿನ ಮೇಲೆ ಹಾಕ್ದೆ ಅಂತ ಹೆಸರು ಬರೀಬೇಕು. ಇಲ್ಲಾಂದ್ರೆ ಮತ್ತೆ ಇಪ್ಪತ್ತೈದೇ."

ಬೂಟು ಇನ್ನಷ್ಟು ಒತ್ತಿತು. ಮುನೀಂದ್ರ ಕಾಲನ್ನು ರಪ್ಪನೆ ಎಳೆದುಕೊಂಡ.

"ಬರ್ಕೊಳ್ಳಿ. ಮುನೀಂದ್ರ. ಜಾಯಿಂಟ್ ಸರಿಯಾಗಿತ್ತು. ಲೈನ್ ಸರಿಸಿದ್ದು ನಾನೇ. ಎರಡೂ ಬರೀರಿ, ಒಂದು ಬಿಟ್ಟು ಒಂದು ಬರೀಬೇಡಿ."

ವಿಶ್ರುತ್ ಎರಡನ್ನೂ ಬರೆದ. ಬರೆದು ಮುಗಿಯುವುದರೊಳಗೆ ಮುನಿರಾಜ್ ಕಾರ್ಡನ್ನು ಎತ್ತಿ ತನ್ನ ಜೇಬಿಗಿಟ್ಟುಕೊಂಡಿದ್ದ.

"ಸಮಾಧಾನ ಆಯ್ತಾ ಹರಿಶ್ಚಂದ್ರ? ಸಾರ್, ಲೈನ್ ಈಗ ಎಲ್ಲಿಗೆ ಹಾಕೋಣ?"

ವಿಶ್ರುತನ ಬೆರಳು ಪರದೆಯ ಮೇಲೆ ಬಲಕ್ಕೆ ಸರಿಯಿತು, ನೀಲಿಯ ಮೇಲೆ ನಿಂತಿತು. "ತಣ್ಣಗಿರೋ ಜಾಗ ಇದೊಂದೇ."

"ಅಲ್ಲಿ..." ಅಂದ ಮುನೀಂದ್ರ.

"ಗೊತ್ತು," ಎಂದು ಮುನಿರಾಜ್ ಎದ್ದ. "ಕಾರ್ಡಿಲ್ದೋನಿಗೆ ಹಾರೇನೇ ಗತಿ. ನಾಳೆ ಬೆಳಗ್ಗೆ ಎಂಟಕ್ಕೆ ಬಂದ್ಬಿಡು. ಮೊದಲ್ನೇ ಗುಂಡಿ ಅದೇ."

ಮುನೀಂದ್ರ ತೆಗೆಯಲೆಂದು ಕಿಟಕಿಯ ಕಡೆ ಕೈ ಚಾಚಿದ. ಅದಕ್ಕೆ ಹಿಡಿಯಿಲ್ಲ ಎಂಬುದು ಮರೆತೇಹೋಗಿತ್ತು.