ಸಚಿವರು ಲಿಫ್ಟ್ ಹತ್ತಿದ ದಿನ

ನಮ್ಮ ಕಚೇರಿಗೆ ಐದು ಮಹಡಿ. ಸಚಿವರು ಬಂದಾಗಲೆಲ್ಲ ಮೆಟ್ಟಿಲು ಹತ್ತಿಯೇ ಹೋಗುತ್ತಿದ್ದರು. ಈ ವಯಸ್ಸಿನಲ್ಲಿ ಎಂಥ ಮೈಕಟ್ಟು ಎಂದು ಗುಮಾಸ್ತರು ಬಾಯ್ತುಂಬ ಹೊಗಳುತ್ತಿದ್ದರು. ನಾನು ಹೊಗಳಲಿಲ್ಲ. ಇಲ್ಲಿ ಲಿಫ್ಟ್ ನಡೆಸುವವನು ನಾನು. ರಾಜಕೀಯಕ್ಕೆ ಬರುವ ಮುಂಚೆ ಅದನ್ನು ಈ ಕಟ್ಟಡಕ್ಕೆ ಮಾರಿದ್ದು ಅವರದೇ ಕಂಪನಿ. ತಾನು ಮಾರಿದ ಪೆಟ್ಟಿಗೆಗೆ ತಾನೇ ಕಾಲಿಡದ ಮನುಷ್ಯನ ಆರೋಗ್ಯ ನನಗೆ ಬೇರೆ ಥರವೇ ಕಾಣುತ್ತಿತ್ತು.

ಲಿಫ್ಟಿನ ರಿಪೇರಿ ನೋಡಿಕೊಳ್ಳುತ್ತಿದ್ದವನು ನನ್ನ ಅಣ್ಣ. ಮೆಕ್ಯಾನಿಕ್ ಲಿಫ್ಟಿನ ಪೆಟ್ಟಿಗೆಯ ಮೇಲೆ ನಿಂತು ಕೆಲಸ ಮಾಡುವಾಗ ಎಷ್ಟು ಕೂಗಿದರೂ ಒಳಗೆ ಕೇಳಿಸುವುದಿಲ್ಲ, ಸ್ಪ್ಯಾನರಿನಿಂದ ಬಡಿಯಬೇಕು. ಒಂದು ಬಡಿತವಾದರೆ ನಿಲ್ಲಿಸು, ಎರಡಾದರೆ ಮೇಲೆ, ಮೂರಾದರೆ ಕೆಳಗೆ. ಅಣ್ಣನ ಎರಡನೇ ಬಡಿತ ಯಾವಾಗಲೂ ಚೂರು ತಡ. ಬೇಕೋ ಬೇಡವೋ ಎಂದು ಯೋಚಿಸುತ್ತೀಯಾ ಎಂದು ನಾನು ರೇಗಿಸುತ್ತಿದ್ದೆ.

ಆ ಕಂಪನಿಯಿಂದ ಹೊಸ ಬ್ರೇಕ್ ಬಂದು ವಾರವಾಗಿತ್ತು. ನಾನು ಜ್ವರ ಬಂದು ಮಲಗಿದ್ದೆ. ನನ್ನ ಬದಲಿಗೆ ಒಳಗೆ ಕೂತಿದ್ದವರು ನಿವೃತ್ತಿ ಹತ್ತಿರವಾಗಿದ್ದ ಹಿರಿಯರು, ನಮ್ಮ ಎದುರುಮನೆಯವರು. ಬೆಳಿಗ್ಗೆ ಹನ್ನೊಂದಕ್ಕೆ ಮೂರನೇ ಮಹಡಿಯಿಂದ ಪೆಟ್ಟಿಗೆ ಕುಸಿಯಿತು. ಮೇಲೆ ನಿಂತಿದ್ದ ಅಣ್ಣ, ಒಳಗಿದ್ದ ಅವರು, ಇಬ್ಬರೂ ಹೋದರು. ಮೆಕ್ಯಾನಿಕ್‌ನ ಅಜಾಗರೂಕತೆ ಎಂದು ವರದಿ ಬರೆದು ಎಲ್ಲರೂ ಕೈತೊಳೆದುಕೊಂಡರು. ಹೊಸ ಬ್ರೇಕು ಬಣ್ಣದ ವಾಸನೆ ಹೊಡೀತಿದೆ ಎಂದು ಅಣ್ಣ ಹಿಂದಿನ ದಿನ ಮನೆಯಲ್ಲಿ ಹೇಳಿದ್ದ. ಅತ್ತಿಗೆ ಅದನ್ನೇ ಹೇಳಿದರೆ ಅಧಿಕಾರಿಗಳು ನಕ್ಕು ಸುಮ್ಮನಾದರು. ಅವತ್ತಿನಿಂದ ಅತ್ತಿಗೆ ಬಟ್ಟೆ ಒಣಹಾಕಲು ಹೊರಗೆ ಬಂದರೆ ಸಾಕು, ಎದುರುಮನೆಯ ಅಜ್ಜಿ ಕಿಟಕಿ ಮುಚ್ಚಿಕೊಳ್ಳುತ್ತಿದ್ದರು. ನನ್ನ ಗಂಡನನ್ನು ಕೊಂದವನ ಹೆಂಡತಿ ಎಂದು ಆಕೆ ಬಾಯಿಬಿಟ್ಟು ಹೇಳುವುದೇ ಬೇಕಿರಲಿಲ್ಲ. ವರದಿಗಿಂತ ನನ್ನನ್ನು ಹೆಚ್ಚು ಕಾಡುತ್ತಿದ್ದದ್ದು ಆ ಕಿಟಕಿ.

ಹಗ್ಗ, ಬ್ರೇಕು, ಪೆಟ್ಟಿಗೆ ಎಲ್ಲವನ್ನೂ ಬದಲಾಯಿಸಿದರು. ಆದರೂ ಕೆಲವು ದಿನ ಹನ್ನೊಂದು ಗಂಟೆಗೆ ಲಿಫ್ಟ್ ಮೂರನೇ ಮಹಡಿಯಲ್ಲಿ ತಾನಾಗಿ ನಿಲ್ಲುತ್ತಿತ್ತು. ಬಾಗಿಲು ತೆರೆದರೆ ಉದ್ದನೆಯ ಖಾಲಿ ಪಡಸಾಲೆ, ಸುಣ್ಣದ ಗೋಡೆ. ಹೊಸ ಮೆಕ್ಯಾನಿಕ್ ಮೂರು ಸಲ ಬಿಚ್ಚಿ ನೋಡಿ, ಏನೂ ಸಿಗದೆ ತಲೆ ಕೆರೆದುಕೊಂಡು ಹೋದ. ನಾನು ಯಾರಿಗೂ ಹೇಳದ ಒಂದು ಮಾತಿತ್ತು. ನಿಲ್ಲುವ ಮುಂಚೆ ಮೇಲಿನಿಂದ ಒಂದು ಬಡಿತ ಕೇಳಿಸುತ್ತಿತ್ತು.

ಆರು ವರ್ಷದ ಮೇಲೆ ಸಚಿವರ ಹಳೆಯ ವ್ಯವಹಾರಗಳ ತನಿಖೆಗೆ ಸಮಿತಿ ಕೂತಿತು, ನಮ್ಮದೇ ಐದನೇ ಮಹಡಿಯಲ್ಲಿ. ಅಧ್ಯಕ್ಷೆ ನಿವೃತ್ತ ನ್ಯಾಯಾಧೀಶೆ, ಸಣ್ಣ ದನಿಯವರು. ಸಾಕ್ಷಿ ಹೇಳಬೇಕಾಗಬಹುದೆಂದು ನನ್ನನ್ನೂ ಹಿಂದಿನ ಬೆಂಚಿನಲ್ಲಿ ಕೂರಿಸಿದ್ದರು. ಬ್ರೇಕ್ ಹೊಸದೇ, ಮೆಕ್ಯಾನಿಕ್‌ಗೆ ಜೋಡಿಸಲು ಬರಲಿಲ್ಲ, ಇವತ್ತಿಗೂ ನನ್ನ ಕಂಪನಿಯ ಲಿಫ್ಟಿನಷ್ಟು ಭದ್ರವಾದದ್ದು ಈ ಊರಲ್ಲಿಲ್ಲ ಎಂದು ಸಚಿವರು ನೀರು ಕುಡಿದಷ್ಟು ಸುಲಭವಾಗಿ ಹೇಳಿದರು. ಅಧ್ಯಕ್ಷೆ ಕನ್ನಡಕ ತೆಗೆದು ಒರೆಸಿಕೊಂಡು, ಹಾಗಾದರೆ ಸ್ಥಳ ನೋಡಿಬಿಡೋಣ, ಲಿಫ್ಟಿನಲ್ಲೇ ಇಳಿಯೋಣ, ವಿಚಾರಣೆ ದಾರಿಯಲ್ಲೂ ನಡೆಯಲಿ ಎಂದರು. ಪತ್ರಕರ್ತರೆಲ್ಲ ಸಚಿವರ ಮುಖವನ್ನೇ ನೋಡುತ್ತಿದ್ದರು. ಅವರು ಎದ್ದು ಲಿಫ್ಟಿನ ಕಡೆ ನಡೆಯಲೇಬೇಕಾಯಿತು.

ಒಳಗೆ ನಾವು ನಾಲ್ವರು: ಸಚಿವರು, ಅಧ್ಯಕ್ಷೆ, ನೋಟುಪುಸ್ತಕ ಹಿಡಿದ ಸಮಿತಿಯ ಗುಮಾಸ್ತ, ಸ್ಟೂಲಿನ ಮೇಲೆ ನಾನು. ಹನ್ನೊಂದಾಗಲು ಒಂದು ನಿಮಿಷವಿತ್ತು. ನಾಲ್ಕನೇ ಮಹಡಿ ದಾಟಿತು. ಮೇಲಿನಿಂದ ಟಣ್ ಎಂದು ಒಂದು ಬಡಿತ. ಲಿಫ್ಟ್ ಮೂರಕ್ಕೆ ನಿಂತಿತು. ಈ ಸಲ ಬಾಗಿಲು ತೆರೆಯಲಿಲ್ಲ. ದೀಪ ಉರಿಯುತ್ತಲೇ ಇತ್ತು, ಹಸಿ ಬಣ್ಣದ ವಾಸನೆ ಮೂಗಿಗೆ ಹೊಡೆಯಿತು. ಗುಮಾಸ್ತನೂ ಮೂಗೆತ್ತಿ ನೋಡಿದ.

ಸಚಿವರು ಎರಡೂ ಕೈಯಿಂದ ಗೋಡೆ ಹಿಡಿದುಕೊಂಡಿದ್ದರು. ಹಣೆಯಿಂದ ಬೆವರು ಇಳಿಯುತ್ತಿತ್ತು.

"ಮೇಲಿರೋದು ಯಾರು? ಇಳಿಯೋಕೆ ಹೇಳಿ ಅವನಿಗೆ," ಎಂದರು. "ಆ ಬ್ರೇಕ್ ಹಿಡಿಯಲ್ಲ. ಸವೆದಿದ್ದಕ್ಕೆ ಬಣ್ಣ ಬಳಿದು ಕಳಿಸಿದ್ದು ಅದು. ನಾನೇ ಹೇಳಿ ಬಳಿಸಿದ್ದು. ಬೇಗ ಇಳಿಸಿ."

ಗುಮಾಸ್ತನ ಪೆನ್ನು ಓಡುತ್ತಿತ್ತು. ಅಧ್ಯಕ್ಷೆ ಅವನು ಬರೆದು ಮುಗಿಸುವವರೆಗೆ ಕಾದು, "ಆ ಬ್ರೇಕ್ ಆವತ್ತೇ ಹೋಯ್ತು ಸಚಿವರೇ. ಈಗಿರೋದು ಬೇರೆ ಕಂಪನಿಯದು," ಎಂದರು.

ಆಗ ಮೇಲಿನಿಂದ ಮತ್ತೆ ಬಡಿತ ಕೇಳಿಸಿತು. ಒಂದು. ಚೂರು ತಡೆದು, ಇನ್ನೊಂದು. ನಾವು ಇಳಿಯಬೇಕಾಗಿದ್ದ ಲಿಫ್ಟ್ ಮೆಲ್ಲಗೆ ಮೇಲಕ್ಕೆ ಹೊರಟು ಐದನೇ ಮಹಡಿಯಲ್ಲಿ, ವಿಚಾರಣೆಯ ಕೋಣೆಯೆದುರು, ಬಾಗಿಲು ತೆರೆದು ನಿಂತಿತು. ನನ್ನ ಎರಡು ಕೈಯೂ ಮಡಿಲಲ್ಲೇ ಇದ್ದವು.

ಸಂಜೆ ಅತ್ತಿಗೆಗೆ ಒಂದೂ ಬಿಡದೆ ಹೇಳಿದೆ. ಅವರು ಅಳಲಿಲ್ಲ. ಬಡಿತಗಳ ನಡುವೆ ಎಷ್ಟು ಹೊತ್ತಾಯಿತು ಎಂದು ಮಾತ್ರ ಕೇಳಿದರು. ಮೇಜಿನ ಮೇಲೆ ಬಡಿದು ತೋರಿಸಿದೆ. ಅದನ್ನು ಕೇಳಿ ಎದ್ದರು, ಸೆರಗಿನಿಂದ ಮುಖ ಒರೆಸಿಕೊಂಡು ರಸ್ತೆ ದಾಟಿದರು. ಎದುರುಮನೆಯ ಕಿಟಕಿ ಮುಚ್ಚಿತ್ತು. ಅತ್ತಿಗೆ ಬಾಗಿಲು ಬಡಿದರು. ಒಂದು ಸಲ. ಚೂರು ತಡೆದು, ಇನ್ನೊಂದು ಸಲ.

ಒಳಗಿನಿಂದ ಚಿಲಕ ತೆಗೆದ ಸದ್ದಾಯಿತು.