ಮನೆ ದಾಟುವ ಹೊತ್ತು

ಬಟನ್‌ನ ಬಲಗಿವಿ ಅಲ್ಲಾಡಿತು, ಗಾಳಿಗೋ, ಏನಾದರೂ ಕೇಳಿಸಿತೋ — ಹತ್ತು ನಾಯಿಗಳ ಬೆನ್ನು ದಾಟಿ, ಸಾಲಿನ ತುದಿಯಲ್ಲಿ, ಮುಂದಾಳು ನಾಯಿಯ ಆ ಎರಡು ಕಿವಿಗಳಷ್ಟೇ ಡೋರೀನಳಿಗೆ ಕಾಣುವುದು, ಉಳಿದದ್ದೆಲ್ಲ ಬಾಲ, ಉಸಿರಿನ ಹಬೆ, ಹೆಪ್ಪುಗಟ್ಟಿದ ಯೂಕಾನ್ ನದಿಯ ಮೇಲೆ ಸ್ಲೆಡ್ ಬಂಡಿ ಜಾರುವ ಸೊರಸೊರ ಸದ್ದು — ಚೆನ್ನಾಗಿಯೇ ಓಡುತ್ತಿವೆ, ಒಂದರ ಹಗ್ಗವೂ ಸಡಿಲಿಲ್ಲ, ಓಡದೆ ಏನು, ಹಿಂದಿನ ತಂಗುದಾಣದಲ್ಲಿ ಆರು ಗಂಟೆ ಮಲಗಿಸಿದ್ದಾಳೆ, ಹುಲ್ಲು ಹಾಸಿ, ಅಮ್ಮ ಹೊಲಿದ ನಲವತ್ತನಾಲ್ಕು ಕಾಲುಚೀಲಗಳನ್ನು ಬಿಚ್ಚಿ, ಹಿಮ ಕರಗಿಸಿ ಮೀನಿನ ಗಂಜಿ ಕುಡಿಸಿ, ಬೆರಳಸಂದಿಗೆಲ್ಲ ಮುಲಾಮು ತಿಕ್ಕಿ, ಬಟನ್‌ನ ಮುಂಗಾಲನ್ನು ಅಂಗೈಯಲ್ಲಿ ಹಿಡಿದು ಬೆಚ್ಚಗಾಗುವವರೆಗೆ ನೀವಿ, ಆಮೇಲೇ ತಾನು ಒಣಮೀನು ಕಚ್ಚಿದ್ದು, ನಾಯಿ ಉಣ್ಣದೆ ನೀನು ಉಣ್ಬೇಡ ಕಣೇ, ಅಪ್ಪನ ಮಾತು, ಅಪ್ಪ ಹೋಗಿ ಎಷ್ಟು ವರ್ಷವಾಯಿತು, ಮಾತು ಮಾತ್ರ ಹೋಗಲಿಲ್ಲ — ಕ್ಲೈವ್ ಇಪ್ಪತ್ತು ನಿಮಿಷ ಹಿಂದಿದ್ದಾನೆ, ಹಿಂದೆಯೇ ಇರಲಿ, ಈ ಸಲದ ರೇಸು ತನ್ನದೇ, ಒಂದು ಜಾಗ ದಾಟಿದರಾಯಿತು, ಆ ಜಾಗ ಬಿರುಕುಬಿಟ್ಟ ಮಂಜುಗಡ್ಡೆಯಲ್ಲ, ಕಡಿದಾದ ಗುಡ್ಡವಲ್ಲ, ತನ್ನ ಸ್ವಂತ ಊರು.

ಆ ತಿರುವಿನಾಚೆ ದಂಡೆ, ದಂಡೆಯಿಂದ ಬಲಕ್ಕೆ ಹತ್ತುವ ದಾರಿ, ಹುಟ್ಟಿದಾಗಿನಿಂದ ಓಟ ಮುಗಿಸಿ ಇವು ತಿರುಗಿದ್ದೆಲ್ಲ ಅಲ್ಲಿಗೇ, ತಿರುಗಿದರೆ ಮೀನಿನ ಗಡಿಗೆ, ತಮ್ಮ ತಮ್ಮ ಗೂಡು, ನಾಯಿಗೆ ರೇಸೆಂದರೇನು ಗೊತ್ತು — ಹೋದ ವರ್ಷ, ಬೇಡ, ನೆನೆಯಬೇಡ, ನೆನೆದಳು — ಎಲ್ಲಿ ತಿರುಗಿಬಿಡುತ್ತವೋ ಎಂಬ ಹೆದರಿಕೆಗೆ ಕಾಲು ಬ್ರೇಕಿನ ಮೇಲೆ ಹೋಯಿತು, ಇಷ್ಟೇ ಇಷ್ಟು ಒತ್ತಿದ್ದು, ದಿನವೂ ಮನೆ ಬಂದಾಗ ಒತ್ತುವುದೂ ಅಷ್ಟೇ, ಓ ಮನೆಗೇನಾ ಎಂದುಕೊಂಡು ಬಟನ್ ಸರ್ರನೆ ಬಲಕ್ಕೆ, ಹಿಂದೆ ಎಲ್ಲವೂ, ಅಂಗಳದ ತುಂಬ ಹಗ್ಗ ಗಂಟುಗಂಟು, ಜಿಪ್ ತನ್ನ ಗೂಡಿನ ಮಾಡು ಹತ್ತಿ ಕೂತು ಆಕಳಿಸುತ್ತಿತ್ತು, ಹೊರಗಿನವರು ನಾಯಿ ಮುಟ್ಟಿದರೆ ರೇಸಿನಿಂದ ಆಚೆ, ಅದಕ್ಕೇ ಅಮ್ಮ ಎರಡೂ ಕೈ ಕಂಕುಳಲ್ಲಿ ಅವುಚಿಕೊಂಡು, ನಾನು ಮುಟ್ಲಿಲ್ಲಪ್ಪಾ, ಎಲ್ರೂ ನೋಡ್ಕೊಳ್ಳಿ, ಮುಟ್ಲೇ ಇಲ್ಲ — ನಲವತ್ತು ನಿಮಿಷ ಹೋಯಿತು, ರೇಸೂ ಹೋಯಿತು, ಆಮೇಲೆ ವರ್ಷವಿಡೀ ಆರ್ವಿಲ್ ಮಾವನ ಬಾಯಿ, ಅಂಗಡಿಯಲ್ಲಿ, ಚರ್ಚಿನ ಬಾಗಿಲಲ್ಲಿ, ರೇಸಿಗೆ ಹೋದೋಳು ಊಟಕ್ಕೆ ಬಂದ್ಲು ಕಣ್ರೋ, ಊಟಕ್ಕೆ ಬಂದ್ಲು. ತಪ್ಪು ಬಟನ್‌ನದಲ್ಲ, ಅದು ಕಾಲಿನ ಮಾತು ಕೇಳಿತು ಅಷ್ಟೇ, ಸುಳ್ಳು ಹೇಳಿದ್ದು ಕಾಲು. ಚಳಿಗಾಲ ಪೂರ್ತಿ ಪಳಗಿಸಿದ್ದು ಆ ಕಾಲನ್ನೇ, ದಿನಕ್ಕೆ ಮೂರು ಸಲ ಮನೆ ಮುಂದೆ ಹಾಯ್ದು, ಬ್ರೇಕು ಮುಟ್ಟದೆ, ಮೈ ವಾಲದೆ, ಅಮ್ಮನಿಗೂ ಹೇಳಿಟ್ಟಿದ್ದಾಳೆ, ಇವತ್ತು ಒಲೆ ಮೇಲೆ ಮೀನಿಡಬೇಡ, ಅಯ್ಯೋ ನಿನ್ನ ನಾಯಿಗೋಸ್ಕರ ನಾನು ಉಪವಾಸ ಬೀಳ್ಬೇಕೇನೇ, ಬೀಳಮ್ಮ, ಒಂದಿನ ಬೀಳು.

ಬಂತು, ದಂಡೆಯ ಮೇಲೆ ಇಡೀ ಊರು, ಬಣ್ಣಬಣ್ಣದ ಟೊಪ್ಪಿಗೆ, ಮಕ್ಕಳ ಕೇಕೆ, ಬಂದ್ಲು ಬಂದ್ಲು, ಆರ್ವಿಲ್ ಮಾವ ಕೈ ಬಾಯಿಗೊಡ್ಡಿ, ಬಾರೇ ಡೋರೀನ್, ತಟ್ಟೆ ಹಾಕ್ಲಾ, ಥೂ, ಯಾರದೋ ಒಲೆಯಿಂದ ಮೀನಿನ ವಾಸನೆ, ತನಗೇ ಬಾಯಲ್ಲಿ ನೀರು, ನಾಯಿಗೆ ಹೇಗಿರಬೇಡ, ಬಟನ್‌ನ ಬಲಗಿವಿ ಬಲಕ್ಕೆ ಹೊರಳಿತು, ಹಗ್ಗ ಒಂದು ಕೂದಲಷ್ಟು ಬಲಕ್ಕೆ, ಕಾಲು ಬ್ರೇಕಿಗೆ ತುಡಿಯುತ್ತದೆ, ಇಲ್ಲ, ಅಲ್ಲೇ ಇರು, ಸ್ಲೆಡ್ಡಿನ ಪಟ್ಟಿಯ ಮೇಲೇ ಇರು, ಎಡ ಬಲ ಸಮ, ನಾನು ಹೆದರಿಲ್ಲ, ಹೆದರಿಲ್ಲವೆಂದರೆ ಅದಕ್ಕೂ ಗೊತ್ತಾಗುತ್ತದೆ — ಈಗ ಎರಡೂ ಕಿವಿ ಹಿಂದಕ್ಕೆ ಮಡಚಿದವು, ತನ್ನತ್ತ, ಕೇಳುತ್ತಿದೆ, ಏನು ಮಾಡಲಿ ಹೇಳು — ಬಟನ್, ಮುಂದೆ, ಎಂದಳು, ಚಾ ಕೊಡು ಎನ್ನುವಷ್ಟು ಮೆಲ್ಲಗೆ, ಮನೆಯ ದಾರಿ ಪಕ್ಕಕ್ಕೆ ಬಂತು, ಪಕ್ಕದಲ್ಲೇ ಇತ್ತು, ಹಿಂದೆ ಹೋಯಿತು, ಆರ್ವಿಲ್ ಮಾವನ ಬಾಯಿ ತೆರೆದದ್ದು ತೆರೆದೇ ಇತ್ತು, ಬೆನ್ನ ಹಿಂದಿನಿಂದ ಅಮ್ಮನ ಕೂಗು, ಒಂದ್ಸಲ ತಿರುಗಿ ನೋಡೇ, ಇಲ್ಲಿದೀನಿ ಕಣೇ, ಒಂದೇ ಸಲ — ತಿರುಗಿದರೆ ಮೈ ವಾಲುತ್ತದಮ್ಮ, ವಾಲಿದರೆ ಹಗ್ಗಕ್ಕೆ ಗೊತ್ತಾಗುತ್ತದೆ, ಹಗ್ಗದಿಂದ ಬಟನ್‌ಗೆ, ನೋಡಲಾರೆ, ಗೆದ್ದ ಮೇಲೆ, ಆಮೇಲೆ, ಈಗ ಎದುರಿಗೆ ಬಿಳಿ ನದಿ, ಅದರ ತುದಿಯಲ್ಲಿ ಎರಡು ಕಿವಿ, ನೆಟ್ಟಗೆ, ಮುಂದಕ್ಕೆ, ಎರಡು ಕಿವಿ —