ಡೀಸೆಲ್ ಮೋಟಾರಿನ ಕಟಕಟ

ಹೊಟ್ಟೆಕಿಚ್ಚು ಒಳ್ಳೆಯದಲ್ಲ ಎಂಬುದು ಜಟ್ಟಪ್ಪನಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಹೆಂಡತಿಯ ತಮ್ಮನೇ ಹೊಸ ಮೋಟಾರಿನಲ್ಲಿ ಪೋಂ ಪೋಂ ಎಂದು ಎದುರಿಗೆ ಬರುತ್ತಿದ್ದರೆ ಒಳ್ಳೆಯವನಾಗಿರುವುದು ಹೇಗೆ? ಮಂಗೇಶ ಶೇಟರ ಹಳೆಯ ಪೆಟ್ರೋಲ್ ಮೋಟಾರನ್ನು ಒಂಬತ್ತು ವರ್ಷ ಜನ ಹೇರಿಕೊಂಡು ಕಾರವಾರ–ಅಂಕೋಲೆ ದಾರಿಯಲ್ಲಿ ಓಡಿಸಿದವನು ಅವನು. ಶೇಟರು ಊರಿಗೇ ಹೊಸದಾದ ಡೀಸೆಲ್ ಮೋಟಾರು ತರಿಸಿದಾಗ ಅದರ ಸ್ಟೇರಿಂಗು ಸಿಕ್ಕಿದ್ದು ಕೇಶವನಿಗೆ. ಮುಂಬಯಿಯಲ್ಲಿ ಎರಡು ವರ್ಷ ಡೀಸೆಲ್ ಕೆಲಸ ಕಲಿತು ಬಂದವನಂತೆ! ಮೀಸೆ ಇನ್ನೂ ಸರಿಯಾಗಿ ಮೂಡಿರಲಿಲ್ಲ.

ಮೊದಲ ದಿನವೇ ಕೇಶವ ಮೋಟಾರನ್ನು ಅಕ್ಕನ ಅಂಗಳಕ್ಕೆ ತಂದು ನಿಲ್ಲಿಸಿದ. ರುಕ್ಮಿಣಿ ಕಾಯಿ ಒಡೆದಳು, ಆರತಿ ಎತ್ತಿದಳು. "ಒಳಗೂ ಕುಂಕುಮ ಹಚ್ತೆ, ಮುಚ್ಚಳ ತೆಗಿ ತಮ್ಮಾ" ಎಂದು ಇಂಜಿನ್ನಿನೊಳಗೆ ತಲೆ ಹಾಕಿ ಬಹಳ ಹೊತ್ತು ಅಲ್ಲೇ ಇದ್ದಳು. ತನ್ನ ಮೋಟಾರಿಗೆ ಒಂಬತ್ತು ವರ್ಷದಲ್ಲಿ ಒಂದು ಹೂವನ್ನಾದರೂ ಏರಿಸಿದ್ದಳೇ? ಜಟ್ಟಪ್ಪನ ಹೊಟ್ಟೆ ಉರಿಯಿತು. ಅದರ ಮೇಲೆ ಅಂದೇ ಅವನ ಖಾಕಿ ಅಂಗಿಯ ಅಂಚಿನಲ್ಲಿ ಎರಡು ಬೆರಳಗಲ ಬಟ್ಟೆ ಮಾಯವಾಗಿತ್ತು. ಕೇಳಿದರೆ "ಇಲಿ ಕಡದದೆ" ಎಂದಳು.

ದಾರಿ ನಡುವಿನ ತೋಡೂರಿನ ಜನರಂತೂ ಅವನ ಮೋಟಾರಿಗೆ ಕೈಯನ್ನೇ ಮಾಡದಾದರು. "ಕೇಶವಂದು ಬರ್ಲಿ" ಎಂದು ಬಿಸಿಲಲ್ಲಿ ಕಾದು ನಿಲ್ಲುತ್ತಿದ್ದರು. ಹಾಳಾಗಿ ಹೋಗಲಿ ಆ ಡೀಸೆಲ್ಲು ಎಂದು ಜಟ್ಟಪ್ಪ ದಿನಕ್ಕೆ ನಾಲ್ಕು ಸಲವಾದರೂ ಅಂದುಕೊಂಡ.

ಎಂಟನೆಯ ದಿನ ಡೀಸೆಲ್ ಮೋಟಾರು ಕಟಕಟ ಎನ್ನತೊಡಗಿತು. ಜಟ್ಟಪ್ಪನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಬಿಣಗಾ ಘಟ್ಟ ಏರುವಾಗ ಸದ್ದಿಲ್ಲ. ಅಂಕೋಲೆಯಲ್ಲಿ ನಿಲ್ಲಿಸಿ ಇಂಜಿನ್ನನ್ನು ಮೆಲ್ಲಗೆ ತಿರುಗಲು ಬಿಟ್ಟರೆ ಸಾಕು, ಡಬ್ಬಿಯಲ್ಲಿ ಕಲ್ಲು ಹಾಕಿ ಕುಲುಕಿದ ಹಾಗೆ. ಕೇಶವ ಒಂದೊಂದೇ ಸಿಲಿಂಡರಿನ ಎಣ್ಣೆ ನಳಿಗೆಯ ನಟ್ಟು ಸಡಿಲಿಸಿ ನೋಡಿದ. ಕೆಟ್ಟ ಸಿಲಿಂಡರಿಗೆ ಎಣ್ಣೆ ತಪ್ಪಿದರೆ ಸದ್ದು ಬದಲಾಗಬೇಕು. ಯಾವುದಕ್ಕೂ ಬದಲಾಗಲಿಲ್ಲ. ಮೂರು ದಿನ ಬಿಚ್ಚಿದ, ಕಟ್ಟಿದ. ಅವನ ಮುಖ ಸಣ್ಣದಾದಂತೆಲ್ಲ ಜಟ್ಟಪ್ಪನ ಊಟ ಹೆಚ್ಚಿತು.

ನಾಲ್ಕನೆಯ ದಿನ ಶೇಟರು ಅಂಕೋಲೆಯ ಮೋಟಾರು ಸ್ಟ್ಯಾಂಡಿಗೇ ಬಂದರು. "ನಾಳೆ ಇದ್ನ ಹುಬ್ಬಳ್ಳಿಗೆ ಕಳಸ್ತೆ. ಕೇಶವಾ, ನೀ ಕೆಳಗೆ ಇಳಿ. ಜಟ್ಟಪ್ಪಾ, ನಿಂಗೆ ಸದ್ದು ಸಿಕ್ತೋ, ಇದ್ರ ಸ್ಟೇರಿಂಗ್ ನಿಂದು."

"ನೀವೇ ಒಂದ್ಸಲ ನೋಡಿ ಭಾವಾ," ಎಂದ ಕೇಶವ. ಕಣ್ಣಲ್ಲಿ ನೀರಿತ್ತು. "ನಂಗೆ ಎಂತದೂ ತೆಳೂದಿಲ್ಲ."

ಜಟ್ಟಪ್ಪ ಅಂಗಿಯ ತೋಳು ಮಡಚಿದ. ಒಂದು ಬಿದಿರ ಕೋಲು ತಂದು ಒಂದು ತುದಿ ಇಂಜಿನ್ನಿಗೆ, ಇನ್ನೊಂದು ತುದಿ ಕಿವಿಗೆ ಕೊಟ್ಟ. ಸಿಲಿಂಡರುಗಳೆಲ್ಲ ಶುದ್ಧ. ಸದ್ದು ಒಳಗಿನದ್ದೇ ಅಲ್ಲ! ಮುಂಬಯಿಯಲ್ಲಿ ಕಲಿತವನು ಒಳಗೇ ಹುಡುಕಿದ್ದ. ಜಟ್ಟಪ್ಪ ಕೋಲನ್ನು ಹಿಂದಕ್ಕೆ ಸರಿಸಿದ. ಇಂಜಿನ್ನಿಗೂ ಡ್ರೈವರನ ಕಾಲಿಗೂ ನಡುವಿನ ಅಡ್ಡ ತಗಡಿಗೆ ತಾಗಿಸಿದೊಡನೆ ಕಿವಿ ಒಡೆಯುವಂತೆ ಕಟಕಟ.

ತಗಡಿನ ಮರೆಯಲ್ಲಿದ್ದ ನಳಿಗೆಯ ಹಿಂದೆ ಕೈ ತೂರಿಸಿದ. ಒಂದು ಗಂಟು ಬೆರಳಿಗೆ ಸಿಕ್ಕಿತು. ಎಳೆದ. ಸದ್ದು ನಿಂತೇ ಬಿಟ್ಟಿತು.

ಗೆದ್ದೆ ಎಂದುಕೊಂಡು ಅಂಗೈ ಬಿಡಿಸಿದ. ಕರಿ ದಾರದಲ್ಲಿ ಒಂದು ಕವಡೆ, ಕುದುರೆ ಲಾಳದ ಒಂದು ಮೊಳೆ. ಸುತ್ತಿದ ಬಟ್ಟೆ ಇಂಜಿನ್ನಿನ ಅದುರಾಟಕ್ಕೆ ಬಿಚ್ಚಿಕೊಂಡು ಮೊಳೆ ತಗಡಿಗೆ ಬಡಿಯುತ್ತಿತ್ತು. ಓಡುವಾಗ ಫ್ಯಾನಿನ ಗಾಳಿಗೆ ಒತ್ತಿಕೊಂಡು ಸುಮ್ಮನಿರುತ್ತಿತ್ತು. ದೃಷ್ಟಿ ತಾಗದಿರಲೆಂದು ಕಟ್ಟುವ ಗಂಟು. ಯಾರ ಕಣ್ಣಿಗೆ ಹೆದರುತ್ತಾರೋ ಅವರು ಉಟ್ಟ ಬಟ್ಟೆಯ ಚೂರನ್ನೇ ಅದಕ್ಕೆ ಸುತ್ತಬೇಕು. ಅದು ಅವನೂರಿನ ಮಕ್ಕಳಿಗೂ ಗೊತ್ತು.

ಬಟ್ಟೆ ಖಾಕಿ. ಎರಡು ಬೆರಳಗಲ.

ಜಟ್ಟಪ್ಪ ಮುಷ್ಟಿ ಬಿಗಿ ಹಿಡಿದ. ಅವನ ಅಂಗಿಯ ಅಂಚು ಹರಿದದ್ದು ಎಲ್ಲರ ಎದುರಿಗೇ ಇತ್ತು. ಇದನ್ನು ತೋರಿಸಿದರೆ ಸ್ಟೇರಿಂಗು ಅವನದು. ಜೊತೆಗೆ ಸ್ವಂತ ಹೆಂಡತಿಯೇ ಹೆದರುವ ಕಣ್ಣು ಎಂಬ ಹೆಸರೂ ಅವನದು.

"ಎಂತಾ ಇತ್ತು?" ಶೇಟರು ಕೇಳಿದರು.

"ಎಂತಾ ಇಲ್ಲ ಧಣಿ. ಕೇಶವ ಎಲ್ಲಾ ಸಮಾ ಮಾಡಿಟ್ಟಿದ. ಹಿಂದೆ ಒಂದ್ ಬೋಲ್ಟ್ ಸಡ್ಲಿತ್ತು, ನಾ ಕೈಲೇ ತಿರಪಿದೆ ಅಷ್ಟೆ."

"ಹಾಂಗಾರೆ ಅವ್ನೇ ಓಡಸ್ಲಿ," ಎಂದು ಶೇಟರು ಹೊರಟರು. ಕೇಶವ ಬಗ್ಗಿ ಭಾವನ ಕಾಲು ಮುಟ್ಟಿದ. ಜಟ್ಟಪ್ಪನಿಗೆ ಆ ತಲೆಯ ಮೇಲೆ ಒಂದು ಬಾರಿಸೋಣ ಎನ್ನಿಸಿದ್ದು ಸುಳ್ಳಲ್ಲ.

ಸಂಜೆ ಮನೆಯಲ್ಲಿ ರುಕ್ಮಿಣಿ ಒಲೆಯ ಮುಂದಿನಿಂದಲೇ ಕೇಳಿದಳು: "ತಮ್ಮನ ಮೋಟಾರಿನ ಸದ್ದು ಹೋಯ್ತಾ?"

ಜಟ್ಟಪ್ಪ ಅಂಗಿ ಬಿಚ್ಚಿ ಅವಳ ಮಡಿಲಿಗೆ ಹಾಕಿದ. ಅದರ ಮೇಲೆ ಎಣ್ಣೆ ಹಿಡಿದ ಆ ಖಾಕಿ ಚೂರನ್ನಿಟ್ಟ.

"ಇಲಿ ವಾಪಸ್ ಕೊಡ್ತು," ಎಂದ. "ಹೊಲಿ."

ಅವಳು ಎದ್ದು ಸೂಜಿ ದಾರ ತಂದಳು. ಪೋಣಿಸಹೋದರೆ ಮೂರು ಸಲ ದಾರ ತಪ್ಪಿತು. ಜಟ್ಟಪ್ಪ ಸೂಜಿ ತೆಗೆದುಕೊಂಡು ತಾನೇ ಪೋಣಿಸಿ ಕೊಟ್ಟ. ನಾಳೆ ಆರು ಗಂಟೆಗೆ ಹಳೆಯ ಮೋಟಾರು ಹೊರಡಬೇಕಿತ್ತು, ಅಂಗಿ ಇದ್ದದ್ದು ಅದೊಂದೇ.